ಅವನು, ಅವಳು, ಅವರ ಮಗಳು

ಜೂನ್ 3

ಅಕ್ಕಾ,

ನಿನ್ನ ತಂಗಿಗೆ ಕೊನೆಗೂ ಒಂದು ಸ್ವಂತ ಪುಸ್ತಕ ಸಿಕ್ಕಿದೆ! ನಾಲ್ಕು ವರ್ಷ ಬೇರೆಯವರ ಪುಸ್ತಕಗಳ ತಪ್ಪು ತಿದ್ದಿ ಕಣ್ಣು ಹಾಳುಮಾಡಿಕೊಂಡದ್ದಕ್ಕೆ ನಮ್ಮ ಪ್ರಕಾಶನದವರಿಗೆ ಈಗ ಕರುಣೆ ಬಂದಿದೆ. ಆರನೇ ತರಗತಿಗೆ ಇಂಗ್ಲಿಷ್ ವ್ಯಾಕರಣದ ಅಭ್ಯಾಸಪುಸ್ತಕ. ಅದರಲ್ಲೂ ಸರ್ವನಾಮಗಳು ಮತ್ತು ಡಿಟರ್ಮಿನರ್‌ಗಳು ಮಾತ್ರ, ಅಂದರೆ ನಾಮಪದದ ಮುಂದೆ ನಿಂತು ಯಾವುದು, ಎಷ್ಟು, ಯಾರದ್ದು ಎಂದು ಹೇಳುವ ಆ ಪುಟ್ಟ ಪದಗಳು. ನಾನೂರು ವಾಕ್ಯ ಬೇಕು. ಆಗಸ್ಟ್ ಮುಗಿಯುವುದರೊಳಗೆ ಬೇಕು.

ನಮ್ಮ ಸಂಪಾದಕರದ್ದು ಒಂದು ಹಟ. ಇಡೀ ಪುಸ್ತಕದಲ್ಲಿ ಒಂದು ಹೆಸರೂ ಬರಬಾರದಂತೆ. "ಸರ್ವನಾಮದ ಪುಸ್ತಕದಲ್ಲಿ ಹೆಸರಿಗೇನು ಕೆಲಸ? ಒಂದು ಮನೆ ತಗೊಳ್ಳಿ. ಅವನು, ಅವಳು, ಅವರು. ಅಷ್ಟರಲ್ಲೇ ಮಗು ಪುಟ ತಿರುಗಿಸೋ ಹಾಗಿರಬೇಕು" ಎನ್ನುತ್ತಾರೆ. ಹೇಳುವುದು ಸುಲಭ. ನಾನು ಬರೆದ ಮೊದಲ ಐವತ್ತು ವಾಕ್ಯ ಓದಿ, "ಇದು ಮನೆಯಲ್ಲ ಕಣ್ರೀ, ಪೀಠೋಪಕರಣದ ಅಂಗಡಿ. ಮನುಷ್ಯರೆಲ್ಲಿ?" ಎಂದು ವಾಪಸು ಕೊಟ್ಟರು.

ನೀನು ಹದಿನೈದು ವರ್ಷದಿಂದ ಇದನ್ನೇ ಪಾಠ ಮಾಡುತ್ತಿದ್ದೀಯ. ಮಕ್ಕಳು ಎಲ್ಲಿ ಎಡವುತ್ತಾರೆ, ನೀನು ಹೇಗೆ ಎತ್ತಿ ನಿಲ್ಲಿಸುತ್ತೀಯ, ಬರೆದು ಕಳಿಸು. ಮನೆಯ ಸುದ್ದಿಯನ್ನೂ ಬರೆ. ಪುಟ್ಟಿ ಹೇಗಿದ್ದಾಳೆ? ಭಾವ?

ನಿನ್ನ ಚಿನಕುರಳಿ

ಜೂನ್ 15

ಚಿನಕುರಳಿ,

ಕೆಲಸ ಇದ್ದಾಗ ಅಕ್ಕ ನೆನಪಾಗುತ್ತಾಳೆ, ಇರಲಿ ಬಿಡು, ನೆನಪಾದಳಲ್ಲ.

ಮೊದಲು ನಿನ್ನ ಪಾಠ. ನಮ್ಮ ಮಕ್ಕಳು 'ದಿಸ್ ಇಸ್ ಮೈ' ಎಂದು ನಿಲ್ಲಿಸಿಬಿಡುತ್ತಾರೆ. 'ಮೈ' ಒಂಟಿಯಾಗಿ ಹೊರಗೆ ಹೋಗದ ಹುಡುಗಿ, ಅವಳ ಹಿಂದೆ ಯಾರಾದರೂ ಇರಲೇಬೇಕು. 'ಮೈನ್' ಧೈರ್ಯದವಳು, ಒಬ್ಬಳೇ ಓಡಾಡುತ್ತಾಳೆ ಎಂದು ನಾನು ಹೇಳಿಕೊಡುತ್ತೇನೆ. 'ಈಚ್' ಒಂಟಿಯಾಗಿ ನಿಲ್ಲಬಲ್ಲದು, 'ಎವ್ರಿ' ನಿಲ್ಲಲಾರದು. 'ದಿಸ್' ಎರಡು ಮನೆಯ ನೆಂಟ. ಮೇಜಿನ ಮೇಲೆ ಡಸ್ಟರ್ ಇಟ್ಟು 'ದಿಸ್ ಡಸ್ಟರ್' ಎಂದರೆ ಡಿಟರ್ಮಿನರ್; ಡಸ್ಟರಿಗೆ ಬಟ್ಟೆ ಮುಚ್ಚಿ ಬರೀ 'ದಿಸ್' ಎಂದರೆ ಸರ್ವನಾಮ. ಆಮೇಲೆ 'ಹಿಸ್‌ಸೆಲ್ಫ್' ಎಂದು ಬರೆಯದವರು ನನ್ನ ತರಗತಿಯಲ್ಲಿ ಇನ್ನೂ ಹುಟ್ಟಿಲ್ಲ.

ನಮ್ಮ ಶಾಲೆಯ ಪದ್ಧತಿ ನಿನಗೆ ಗೊತ್ತಲ್ಲ, ನಾನೇ ತಂದದ್ದು. ಪ್ರತಿ ಅಭ್ಯಾಸವನ್ನೂ ಮಗು ಮನೆಯಲ್ಲಿ ದೊಡ್ಡವರ ಎದುರು ಗಟ್ಟಿಯಾಗಿ ಓದಬೇಕು, ಒಂದೊಂದು ವಾಕ್ಯಕ್ಕೂ ಕನ್ನಡದಲ್ಲಿ ಅರ್ಥ ಹೇಳಬೇಕು, ಕೊನೆಗೆ ಅವರ ಸಹಿ ತರಬೇಕು. ಎಲ್ಲರೂ ಹೊಗಳುತ್ತಾರೆ. ಆ ಪದ್ಧತಿ ಯಾಕೆ ಹುಟ್ಟಿತು ಎಂದು ಯಾರಿಗೂ ಗೊತ್ತಿಲ್ಲ.

ನಿನಗೆ ಹೇಳುತ್ತೇನೆ. ಹದಿಮೂರು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ಸಾಕಾಗಿದೆ. ನಿನ್ನ ಭಾವನಿಗೆ ಓದಲು ಬರುವುದಿಲ್ಲ. ಯಾವ ಭಾಷೆಯ ಅಕ್ಷರವೂ ಬರುವುದಿಲ್ಲ. ಅಂಕಿಗಳು ಬರುತ್ತವೆ, ಅಳತೆ ಕೂದಲಿನಷ್ಟೂ ತಪ್ಪುವುದಿಲ್ಲ. ಆ ಮರಗೆಲಸದ ಕಾರ್ಖಾನೆಯಲ್ಲಿ ಅವರಷ್ಟು ಚೆನ್ನಾಗಿ ಬಾಗಿಲು ಮಾಡುವ ಬಡಗಿ ಇನ್ನೊಬ್ಬರಿಲ್ಲ. ಅಕ್ಷರ ಮಾತ್ರ ಹಿಡಿತಕ್ಕೆ ಸಿಗುವುದಿಲ್ಲ. ಮದುವೆಯಾದ ಮೂರನೇ ತಿಂಗಳು ನನ್ನೊಬ್ಬಳಿಗೇ ಹೇಳಿದರು. ಪುಟ್ಟಿಗೆ ತಿಳಿಯಬಾರದು ಎಂದು ಅವಳು ಹುಟ್ಟಿದ ದಿನ ಮಾತು ತೆಗೆದುಕೊಂಡರು. ಅದಕ್ಕೇ ಈ ಗಟ್ಟಿಯಾಗಿ ಓದುವ ಪದ್ಧತಿ. ಮಗಳು ಓದುತ್ತಾಳೆ, ಅಪ್ಪ ಕೇಳಿಸಿಕೊಂಡು "ಭೇಷ್" ಎಂದು ಸಹಿ ಹಾಕುತ್ತಾರೆ.

ಈಗ ಕಾರ್ಖಾನೆಯಲ್ಲಿ ಅವರನ್ನು ಮೇಸ್ತ್ರಿ ಮಾಡುತ್ತಾರಂತೆ. ಮೇಸ್ತ್ರಿಯಾದರೆ ಆರ್ಡರ್ ಚೀಟಿಗಳನ್ನು ಓದಬೇಕು. ಅವರಿಗೆ ಊಟ ಸೇರುತ್ತಿಲ್ಲ. ನನಗೂ ಯಾರ ಹತ್ತಿರವಾದರೂ ಹೇಳಿಕೊಳ್ಳದೆ ಇರಲಾಗಲಿಲ್ಲ. ಕಿವಿಗೆ ಬಿದ್ದದ್ದು ಬಾಯಿಗೆ ಬರಬಾರದು, ತಿಳಿಯಿತಾ?

ಅಕ್ಕ

ಜೂನ್ 24

ಅಕ್ಕಾ,

ನಿನ್ನ ಪತ್ರ ಓದಿ ನಾನು ಕಚೇರಿಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ದುಃಖಕ್ಕಲ್ಲ. ಹದಿಮೂರು ವರ್ಷ ನೀನು ಒಬ್ಬರಿಗೆ ಕಣ್ಣಾಗಿದ್ದೀಯಲ್ಲ, ಅದಕ್ಕೆ. ನಾನು ಯಾರಿಗೂ ಹೇಳುವುದಿಲ್ಲ, ಅಮ್ಮನ ಮೇಲಾಣೆ.

ಆದರೆ ನನಗೆ ನಂಬಲಿಕ್ಕೇ ಆಗುತ್ತಿಲ್ಲ. ಭಾವ ದಿನಾ ಬೆಳಿಗ್ಗೆ ಪತ್ರಿಕೆ ಹಿಡಿದು ಕೂರುತ್ತಿದ್ದರಲ್ಲ? ಸಹಿ ಹಾಕುತ್ತಾರಲ್ಲ, ಅದು ಹೇಗೆ? ಕಾರ್ಖಾನೆಯಲ್ಲಿ ಯಾವ ಬಾಗಿಲು ಯಾರ ಮನೆಗೆ ಎಂದು ಹೇಗೆ ನೆನಪಿಟ್ಟುಕೊಳ್ಳುತ್ತಾರೆ? ಅಕ್ಷರ ನೋಡಿದರೆ ಅವರಿಗೆ ಏನು ಕಾಣುತ್ತದೆ? ಎಲ್ಲ ಬರೆ ಅಕ್ಕ, ಒಂದನ್ನೂ ಬಿಡಬೇಡ. ನಮ್ಮ ಮನೆಯ ಕಥೆ ನನಗೇ ಗೊತ್ತಿಲ್ಲ ಎಂದರೆ ಹೇಗೆ?

ಚಿನಕುರಳಿ

ಜುಲೈ 6

ಚಿನಕುರಳಿ,

ನೀನು ಕೇಳಿದ ರೀತಿಗೆ ನನ್ನ ಮನಸ್ಸು ಎಷ್ಟು ಹಗುರವಾಯಿತು ಗೊತ್ತಾ? ಒಡಹುಟ್ಟಿದವಳು ಇರಬೇಕಾದದ್ದು ಇದಕ್ಕೇ ಅನ್ನಿಸಿತು.

ಪತ್ರಿಕೆಯಲ್ಲಿ ಅವರು ಚಿತ್ರ ನೋಡುತ್ತಾರೆ. ನಾನು ಅಡುಗೆ ಮಾಡುತ್ತಾ ಮುಖ್ಯ ಸುದ್ದಿಗಳನ್ನು ಮೊದಲೇ ಮಾತಿನಲ್ಲಿ ಹೇಳಿಬಿಟ್ಟಿರುತ್ತೇನೆ, ಆಮೇಲೆ ಪುಟ್ಟಿಯ ಎದುರು ಅದನ್ನೇ ಓದಿದವರ ಹಾಗೆ ಹೇಳುತ್ತಾರೆ. ಒಂದು ಸಲ ಪತ್ರಿಕೆ ತಲೆಕೆಳಗಾಗಿತ್ತು. ಪುಟ್ಟಿ ನಕ್ಕಳು. "ನೀನು ನೋಡ್ತೀಯೋ ಇಲ್ವೋ ಅಂತ ಪರೀಕ್ಷೆ ಮಾಡ್ದೆ ಕಣೇ" ಎಂದರು. ಹೊರಗೆ ಹೋದರೆ ಕನ್ನಡಕ ಮರೆತುಬಂದಿರುತ್ತಾರೆ. ಸಹಿಯನ್ನು ನಾನೇ ಬರೆದುಕೊಟ್ಟೆ. ಪ್ಲೈವುಡ್ ಚೂರಿನ ಮೇಲೆ ಅದನ್ನು ಹೂಬಳ್ಳಿ ಕೆತ್ತುವವರ ಹಾಗೆ ತಿಂಗಳುಗಟ್ಟಲೆ ಬರೆದು ಕಲಿತರು. ಬಾಗಿಲ ಅಡಿಯ ಮೂಲೆಯಲ್ಲಿ ಉಳಿಯಿಂದ ಗೀರು ಹಾಕಿ ಗುರುತಿಟ್ಟುಕೊಳ್ಳುತ್ತಾರೆ, ಒಂದು ಗೀರು ಒಂದು ಮನೆ, ಅಡ್ಡ ಗೀರು ಇನ್ನೊಂದು.

ಅಕ್ಷರ ಹೇಗೆ ಕಾಣುತ್ತದೆ ಎಂದು ನಾನೂ ಕೇಳಿದ್ದೆ, ಆ ಮೊದಲ ದಿನ. "ಇರುವೆ ಸಾಲು ನೋಡಿದೀಯಾ? ಬೆರಳಿಟ್ಟ ಕೂಡ್ಲೆ ಓಡಿಹೋಗ್ತವಲ್ಲ, ಹಾಗೆ" ಎಂದರು. ಈ ಮಾತನ್ನು ಅವರು ಜೀವಮಾನದಲ್ಲಿ ಆಡಿದ್ದು ಅದೊಂದೇ ಸಲ.

ದಿನದ ಕೆಲಸ ಮುಗಿಸಿ ಬಂದು, ಕೈಗೆ ಅಂಟಿದ ಮರದ ಹುಡಿ ತೊಳೆದುಕೊಂಡು, ಪುಟ್ಟಿಯ ಎದುರು ಕಾಲು ಮಡಚಿ ಕೂರುತ್ತಾರಲ್ಲ, ಆಗ ಅವರ ಮುಖ ನೋಡಬೇಕು ನೀನು. ಅವಳು ಓದುವ ಇಂಗ್ಲಿಷಿನ ಒಂದಕ್ಷರವೂ ಅರ್ಥವಾಗದಿದ್ದರೂ ತಲೆದೂಗುತ್ತಾರೆ. ನನ್ನ ಯಾವ ಪಾಠವನ್ನೂ ಯಾರೂ ಹಾಗೆ ಕೇಳಿಸಿಕೊಂಡಿಲ್ಲ.

ನಿನ್ನ ಪುಸ್ತಕ ಎಲ್ಲಿಗೆ ಬಂತು?

ಅಕ್ಕ

ಆಗಸ್ಟ್ 29

ಅಕ್ಕಾ,

ಮುಗಿಯಿತು! ಕೆಲಸದ ನಡುವೆ ಬರೆಯಲು ಆಗಲಿಲ್ಲ, ಬೈಯಬೇಡ. ಒಂದೇ ಮನೆಯ ಕಥೆಯನ್ನು ನಾನೂರು ವಾಕ್ಯದಲ್ಲಿ ಹೆಣೆದಿದ್ದೇನೆ. ಮೊದಲ ಅಭ್ಯಾಸದಲ್ಲಿ ಶುರುವಾದ ಎಳೆ ಕೊನೆಯವರೆಗೆ ಹೋಗುತ್ತದೆ. ಸಂಪಾದಕರು ಕುರ್ಚಿಯಿಂದ ಎದ್ದು ನಿಂತು ಓದಿದರು. "ಇದೇ ಕಣ್ರೀ ನಾನು ಕೇಳಿದ ಮನೆ" ಎಂದರು. ನೀನು ಕಳಿಸಿದ ಡಸ್ಟರಿನ ಉಪಾಯವೂ ಇದೆ, ಒಂಟಿ ಹುಡುಗಿಯೂ ಇದ್ದಾಳೆ. ಉಳಿದದ್ದನ್ನು ನೀನೇ ನೋಡಿ ಸಂತೋಷಪಡಬೇಕು, ಈಗ ಹೇಳುವುದಿಲ್ಲ.

ನಿಮ್ಮ ಶಾಲೆಗೆ ಒಂದು ಮಾತು ಹೇಳುತ್ತೀಯಾ? ಮೊದಲ ವರ್ಷ ನಾಲ್ಕಾರು ಶಾಲೆಗಳು ತೆಗೆದುಕೊಂಡರೆ ನನಗೆ ಎರಡನೇ ಪುಸ್ತಕ ಕೊಡುತ್ತಾರಂತೆ.

ಚಿನಕುರಳಿ

ಸೆಪ್ಟೆಂಬರ್ 10

ಚಿನಕುರಳಿ,

ಒಂದು ಮಾತಲ್ಲ, ನೂರು ಮಾತು ಹೇಳಿದೆ. ನಮ್ಮ ಮುಖ್ಯೋಪಾಧ್ಯಾಯಿನಿ, "ನೋಡದೇ ಹೇಗಮ್ಮಾ ತರಿಸೋದು?" ಎಂದರು. "ನನ್ನ ತಂಗಿ ಬರೆದದ್ದು ಮೇಡಂ. ನನ್ನ ಪಾಠವೇ ಅದರಲ್ಲಿರೋದು. ಏನಾದ್ರೂ ಹೆಚ್ಚುಕಡಿಮೆ ಆದ್ರೆ ನನ್ನನ್ನ ಕೇಳಿ" ಎಂದೆ. ಆರನೇ ತರಗತಿಯ ಎರಡೂ ವಿಭಾಗಕ್ಕೆ ತರಿಸುತ್ತಿದ್ದಾರೆ. ಪುಟ್ಟಿ ತನ್ನ ಗೆಳತಿಯರಿಗೆಲ್ಲ ಚಿಕ್ಕಮ್ಮನ ಪುಸ್ತಕ ಎಂದು ಸಾರಿಕೊಂಡು ಬಂದಿದ್ದಾಳೆ. ನಿನ್ನ ಭಾವನೂ ಅಷ್ಟೇ, "ನಮ್ಮ ಹುಡುಗಿ ಪುಸ್ತಕ ಬರೆದಿದ್ದಾಳೆ" ಎಂದು ಕಾರ್ಖಾನೆಯಲ್ಲಿ ಹೇಳಿದರಂತೆ.

ಬರುವ ವಾರ ಉತ್ತರಪತ್ರಿಕೆ ತಿದ್ದಲು ನಾನು ಬೇರೆ ಊರಿಗೆ ಹೋಗಬೇಕು, ಹತ್ತು ದಿನ. ಬಂದ ಮೇಲೆ ಮೊದಲ ಕೆಲಸ ನಿನ್ನ ಪುಸ್ತಕ ಓದುವುದು.

ಅಕ್ಕ

ಸೆಪ್ಟೆಂಬರ್ 30

ಪುಸ್ತಕ ಬಂತು. ನಾನು ಊರಲ್ಲಿಲ್ಲದಾಗ ಬಂತು, ಮಕ್ಕಳ ಕೈಗೆ ಹೋಯಿತು.

ನಾನು ಮನೆಗೆ ಬಂದದ್ದು ನಿನ್ನೆ. ನಡೆದದ್ದು ನಾಲ್ಕು ದಿನದ ಹಿಂದೆ. ಪುಟ್ಟಿ ಹೇಳಿದ ಹಾಗೆ ಬರೆಯುತ್ತೇನೆ, ನೀನು ಬರೆದದ್ದು ಒಂದು ಮನೆಯಲ್ಲಿ ಹೇಗೆ ಕೇಳಿಸಿತು ಎಂದು ನಿನಗೆ ತಿಳಿಯಲಿ.

ಅವಳು ಅಪ್ಪನ ಎದುರು ಕೂತು ಅಭ್ಯಾಸ ಏಳು ತೆಗೆದಿದ್ದಾಳೆ. ಮೊದಲ ವಾಕ್ಯ ಓದಿ ಅರ್ಥ ಹೇಳಿದ್ದಾಳೆ: 'ಅವನು ಈ ಬಾಗಿಲನ್ನು ತಾನೇ ಮಾಡಿದನು.' "ಅಪ್ಪಾ, ಇವ್ನೂ ನಿನ್ ಹಾಗೇ ಬಡಗಿ!" ಎಂದು ಕುಣಿದಿದ್ದಾಳೆ. ಅವರೂ ನಕ್ಕಿದ್ದಾರೆ, "ಮುಂದೆ ಓದು, ಏನ್ಮಾಡ್ತಾನೆ ನೋಡೋಣ" ಎಂದಿದ್ದಾರೆ. 'ಅವನು ಪ್ರತಿದಿನ ಬೆಳಿಗ್ಗೆ ಪತ್ರಿಕೆ ಹಿಡಿಯುತ್ತಾನೆ.' 'ಅವನಿಗೆ ಯಾವ ಅಕ್ಷರವೂ ಗೊತ್ತಿಲ್ಲ.' 'ಅವಳು ಎಲ್ಲವನ್ನೂ ಅವನಿಗೆ ಓದಿ ಹೇಳುತ್ತಾಳೆ.' ಪುಟ್ಟಿಯ ಓದು ಅಲ್ಲಿ ನಿಧಾನವಾಗಿದೆ. ಅದರ ಮುಂದಿನದು: 'ಈ ಅಕ್ಷರಗಳು ಇರುವೆಗಳ ಹಾಗೆ ಓಡುತ್ತವೆ ಎಂದು ಅವನು ಅವಳಿಗೆ ಹೇಳಿದನು.'

ಅವರು ನಗುವುದನ್ನು ನಿಲ್ಲಿಸಿದರಂತೆ. "ಓದು" ಎಂದರಂತೆ.

ಕೊನೆಯ ವಾಕ್ಯ ನಿನಗೆ ನೆನಪಿದೆಯಾ? ನಾನು ಇಲ್ಲಿ ಪುಸ್ತಕ ಮುಂದಿಟ್ಟುಕೊಂಡಿದ್ದೇನೆ. 'ಅವರ ಮಗಳಿಗೆ ಇದೇನೂ ತಿಳಿಯದು.' ಹನ್ನೊಂದು ವರ್ಷದ ಮಗು ಅದನ್ನು ಇಂಗ್ಲಿಷಿನಲ್ಲಿ ಓದಿ, ಕನ್ನಡದಲ್ಲಿ, "ಅವರ ಮಗಳು ತುಂಬಾ ಚೆನ್ನಾಗಿ ಹಾಡುತ್ತಾಳೆ ಅಂತ" ಎಂದು ಸುಳ್ಳು ಹೇಳಿದ್ದಾಳೆ. "ಅಪ್ಪಂಗೆ ಬೇಜಾರಾಗ್ಬಾರ್ದು ಅಂತ ಹಾಗಂದೆ ಅಮ್ಮಾ" ಎಂದಳು. ಅವರು ಯಾವತ್ತಿನ ಹಾಗೆ ಸಹಿ ಹಾಕಿ ಎದ್ದು ಹೋದರಂತೆ, "ಭೇಷ್" ಎನ್ನಲಿಲ್ಲವಂತೆ.

ಅಮ್ಮನ ಮೇಲೆ ಆಣೆ ಇಟ್ಟಿದ್ದೆ ನೀನು. ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದೆಯಲ್ಲ, ನನ್ನ ಗಂಡನ ಮೇಲಿನ ಅಕ್ಕರೆಗೆ ಕೇಳುತ್ತಿದ್ದೀಯ ಅಂದುಕೊಂಡೆ. ಸರಕು ಜಮಾಯಿಸುತ್ತಿದ್ದೆ ನೀನು. ಬೇಲಿಯೇ ಎದ್ದು ಹೊಲ ಮೇಯಿತು.

ಅಕ್ಟೋಬರ್ 8

ಅಕ್ಕಾ,

ನೀನು ಇಷ್ಟು ಕಠಿಣವಾಗಿ ಬರೆದದ್ದು ಇದೇ ಮೊದಲು. ಪತ್ರದ ಮೇಲೆ ನನ್ನ ಹೆಸರು ಹಿಡಿದು ಕರೆಯಲೂ ಇಲ್ಲ.

ನಾನು ಆಣೆ ಮುರಿದಿಲ್ಲ. ಯಾರಿಗೂ ಹೇಳಿಲ್ಲ. ಆ ಪುಸ್ತಕದಲ್ಲಿ ಭಾವನ ಹೆಸರಿದೆಯಾ? ಊರಿದೆಯಾ? ಬರೀ ಒಬ್ಬ ಬಡಗಿ. ಲೋಕದಲ್ಲಿ ಎಷ್ಟು ಬಡಗಿಗಳಿಲ್ಲ! ಎಷ್ಟೋ ಮಕ್ಕಳ ಅಪ್ಪಂದಿರಿಗೆ ಓದು ಬರುವುದಿಲ್ಲ, ಆ ಮಕ್ಕಳು ತಲೆ ಎತ್ತಿಕೊಂಡು ನಡೆಯಲಿ ಎಂದೇ ಬರೆದೆ. ಒಂದು ವಾಕ್ಯದಲ್ಲಾದರೂ ಅವರನ್ನು ಹಗುರ ಮಾಡಿದ್ದೇನಾ, ಹೇಳು. ಓದಿದವರೆಲ್ಲ ಆ ಗಂಡನನ್ನು ಇಷ್ಟಪಟ್ಟಿದ್ದಾರೆ. ಮೂರು ಶಾಲೆಗಳಿಂದ ಪತ್ರ ಬಂದಿದೆ.

ಮತ್ತೆ, ನಿಮ್ಮ ಶಾಲೆಗೆ ತರಿಸಿದವಳು ನೀನು. ಗಟ್ಟಿಯಾಗಿ ಓದಿಸುವ ಪದ್ಧತಿ ತಂದವಳೂ ನೀನು. ಎಲ್ಲವನ್ನೂ ನನ್ನ ತಲೆಗೆ ಕಟ್ಟಬೇಡ.

ಪುಟ್ಟಿಗೆ ಒಂದಲ್ಲ ಒಂದು ದಿನ ಗೊತ್ತಾಗಲೇಬೇಕಿತ್ತು. ಈಗ ಗೊತ್ತಾಯಿತಲ್ಲ, ಅವಳೇ ಅಪ್ಪನಿಗೆ ಅಕ್ಷರ ಕಲಿಸಲಿ. ಎಷ್ಟು ಚಂದ ಅದು!

ತಂಗಿ

ಅಕ್ಟೋಬರ್ 17

ಚಂದ ಅಂತೆ.

ಹೆಸರಿಲ್ಲ ನಿಜ. ಅವರಿಗೆ ಹೆಸರು ಓದಲು ಹೇಗೂ ಬರುತ್ತಿರಲಿಲ್ಲ. ಇರುವೆಯ ಮಾತು ಕಿವಿಗೆ ಬಿತ್ತು, ಅಷ್ಟು ಸಾಕಾಯಿತು.

ನಾನು ಮನೆಗೆ ಬಂದ ದಿನ ಅವರು ಬೈಯಲಿಲ್ಲ. ಚೀಲ ಇಳಿಸಿಕೊಂಡರು, ನೀರು ಕೊಟ್ಟರು. ಆಮೇಲೆ ಕೇಳಿದರು, "ಇನ್ನೂ ಯಾರ್ಯಾರಿಗೆ ಹೇಳಿದೀಯ?" ನಾನು, "ಅವಳೊಬ್ಬಳಿಗೇ" ಎಂದೆ. "ನಾನೂ ಒಬ್ಬಳಿಗೇ ಹೇಳಿದ್ದೆ" ಎಂದರು.

ನಿನಗೆ ಬೈದು ಬೈದು ನಾನು ಹಗುರಾಗಬಹುದು ಅಂದುಕೊಂಡಿದ್ದೆ. ಆಗುತ್ತಿಲ್ಲ. ಅವರಿಗೆ ಮೊದಲು ಮೋಸ ಮಾಡಿದವಳು ನಾನು, ಎರಡನೆಯವಳು ನೀನು. ನಿನ್ನ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗೆ ಹಕ್ಕಿದೆ, ಆದರೆ ಅವರ ಪರವಾಗಿ ಸಿಟ್ಟು ಮಾಡಿಕೊಳ್ಳಲು ನನಗೆ ಮುಖವಿಲ್ಲ. ಹದಿಮೂರು ವರ್ಷ ಕಾಪಾಡಿದ್ದನ್ನು ಎರಡು ಕಾಗದದಲ್ಲಿ ಚೆಲ್ಲಿಬಿಟ್ಟೆ, ಯಾಕೆಂದರೆ ನೀನು ಚೆನ್ನಾಗಿ ಕೇಳಿಸಿಕೊಂಡೆ.

ಪುಟ್ಟಿ ಈಗ ಅಪ್ಪನಿಗೆ ಬಸ್ಸಿನ ಹೆಸರು, ಅಂಗಡಿಯ ಹೆಸರು ಎಲ್ಲ ಕೇಳದೇ ಓದಿ ಹೇಳುತ್ತಾಳೆ. ಕೈ ಹಿಡಿದುಕೊಂಡು ರಸ್ತೆ ದಾಟಿಸುತ್ತಾಳೆ. ಅವರಿಗೆ ಕಣ್ಣು ಕಾಣುವುದಿಲ್ಲವಾ? ಬೈಯುವ ಹಾಗೂ ಇಲ್ಲ, ಮಗು ಪ್ರೀತಿಗೆ ಮಾಡುತ್ತಿದೆ. ಅವರು ಕೈ ಬಿಡಿಸಿಕೊಳ್ಳದೆ ಹೋಗುತ್ತಾರೆ, ಹಿಂದಿನಿಂದ ನಾನು ನೋಡುತ್ತೇನೆ.

ಸ್ವಲ್ಪ ದಿನ ನನಗೆ ಬರೆಯಬೇಡ.

ಅಕ್ಟೋಬರ್ 28

ಅಕ್ಕಾ,

ಬರೆಯಬೇಡ ಎಂದಿದ್ದೆ, ಬರೆಯುತ್ತಿದ್ದೇನೆ. ನಿನ್ನ ಪತ್ರವನ್ನು ಎಷ್ಟು ಸಲ ಓದಿದೆನೋ. ಹೋದ ಪತ್ರದಲ್ಲಿ ನಾನು ವಾದ ಮಾಡಿದೆ. ನಿಜ ಹೇಳುತ್ತೇನೆ ಕೇಳು. ಬರೆಯುವಾಗಲೇ ನನಗೆ ತಪ್ಪು ಎಂದು ಗೊತ್ತಿತ್ತು. ಅದಕ್ಕೇ ಎರಡು ತಿಂಗಳು ನಿನಗೆ ಬರೆಯಲಿಲ್ಲ, ಅದಕ್ಕೇ ಹಸ್ತಪ್ರತಿ ಕಳಿಸಲಿಲ್ಲ. ಕೇಳಿದರೆ ಬೇಡ ಅನ್ನುತ್ತೀಯ ಎಂದು ಕೇಳಲಿಲ್ಲ. ಐವತ್ತು ಸತ್ತ ವಾಕ್ಯ ಬರೆದವಳಿಗೆ ನಿನ್ನ ಕಾಗದ ಸಿಕ್ಕಿತು, ಮನೆ ತಾನೇ ಎದ್ದು ನಿಂತಿತು. ಕೈ ತಡೆಯಲಾಗಲಿಲ್ಲ.

ಈ ಲಕೋಟೆಯಲ್ಲಿ ಭಾವನಿಗೆ ಬೇರೆ ಒಂದು ಪತ್ರ ಇಟ್ಟಿದ್ದೇನೆ. ಅದರಲ್ಲಿ ಕ್ಷಮೆ ಕೇಳಿದ್ದೇನೆ. ಮುಂದಿನ ಮುದ್ರಣದಲ್ಲಿ ಬಡಗಿಯನ್ನು ತೆಗೆದು ದರ್ಜಿಯನ್ನು ಮಾಡುತ್ತೇನೆ, ಇರುವೆಯ ಮಾತನ್ನು ಅಳಿಸುತ್ತೇನೆ, ಅವರು ಒಪ್ಪಿದರೆ ರಜೆಯಲ್ಲಿ ಬಂದು ನಾನೇ ಅಕ್ಷರ ಕಲಿಸುತ್ತೇನೆ ಎಂದೂ ಬರೆದಿದ್ದೇನೆ. ನೀನೇ ಓದಿ ಹೇಳು ಅಕ್ಕ. ನಿನ್ನ ಬಾಯಿಂದ ಕೇಳಿದರೆ ಅವರ ಮನಸ್ಸು ಕರಗುತ್ತದೆ.

ತಂಗಿ

ನವೆಂಬರ್ 14

(ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತಿದ್ದೇನೆ. ನನ್ನದೇನೂ ಸೇರಿಸಿಲ್ಲ. ಕಾರ್ಖಾನೆಯ ಗುಮಾಸ್ತ.)

ಚಿನಕುರಳಿ,

ನಿನ್ ಪತ್ರ ಬಂತಮ್ಮ. ನಿಮ್ಮಕ್ಕ ಮುಚ್ಚಿದ ಕಾಗದಾನ ಹಾಗೇ ಕೈಗೆ ಕೊಟ್ಟು, "ಓದ್ಲಾ?" ಅಂದ್ಲು. ಬೇಡ ಅಂದೆ. ಜೇಬಲ್ಲಿಟ್ಕೊಂಡು ಇಲ್ಲಿಗೆ ತಂದೆ. ಊಟದ ಹೊತ್ತಲ್ಲಿ ಗುಮಾಸ್ತರ ಮೇಜಿನ ಮೇಲಿಟ್ಟು, "ನಂಗೆ ಓದಕ್ಕೆ ಬರಲ್ಲ, ಓದಿ ಹೇಳಿ" ಅಂದೆ. ಸುತ್ತ ಹತ್ತು ಜನ ಇದ್ರು. ಯಜಮಾನ್ರೂ ಇದ್ರು.

ಏನಾಯ್ತು ಗೊತ್ತಾ? ಏನೂ ಆಗ್ಲಿಲ್ಲ. ಒಬ್ಬ, "ನಂಗೂ ಅಷ್ಟೇ, ಅರ್ಧಂಬರ್ಧ" ಅಂದ. ಯಜಮಾನ್ರು, "ಅದಕ್ಕೇನಂತೆ, ಚೀಟಿ ಗುಮಾಸ್ತರು ಓದ್ತಾರೆ, ನೀವು ಕೆಲಸ ಮಾಡ್ಸಿ" ಅಂದ್ರು. ಈ ತಿಂಗಳಿಂದ ಮೇಸ್ತ್ರಿ ನಾನು. ಇಷ್ಟು ವರ್ಷ ಹೆದರಿದ್ದು ಇದಕ್ಕಾ ಅಂತ ನಗು ಬಂತು. ಜಾಸ್ತಿ ಹೊತ್ತು ಉಳೀಲಿಲ್ಲ.

ಅಕ್ಷರ ಕಲಿಸೋಕೆ ಬರ್ತೀನಿ ಅಂದಿದೀಯ. ಬೇಡ. ಬಡಗಿನ ದರ್ಜಿ ಮಾಡ್ತೀನಿ ಅಂದಿದೀಯ. ಅದು ನಿನ್ ಇಷ್ಟ. ಆದ್ರೆ ಎಲ್ಲೋ ಒಬ್ಬ ದರ್ಜಿ ಇರ್ತಾನೆ, ಅವನಿಗೂ ಒಬ್ಳು ಮಗಳಿರ್ತಾಳೆ, ಅದನ್ನ ಯೋಚನೆ ಮಾಡು.

ನಿನ್ ಮೇಲೆ ನಂಗೆ ಸಿಟ್ಟಿಲ್ಲ. ನಾನು ನಿಂಗೆ ಏನೂ ಹೇಳಿರ್ಲಿಲ್ಲ, ನೀನು ನಂಗೆ ಯಾವ ಮಾತೂ ಕೊಟ್ಟಿರ್ಲಿಲ್ಲ. ನಿಮ್ಮಕ್ಕ ಕೊಟ್ಟಿದ್ಲು. ಅವಳು ದಿನಾ, "ಏನಾದ್ರೂ ಓದೋದಿದ್ಯಾ?" ಅಂತ ಕೇಳ್ತಾಳೆ. ಏನೂ ಇಲ್ಲ ಅಂತೀನಿ. ಅವಳು ಅಲ್ಲೇ ಸ್ವಲ್ಪ ಹೊತ್ತು ನಿಂತಿರ್ತಾಳೆ. ಅವಳನ್ನ ನೋಡಿದ್ರೆ ಸಂಕಟ ಆಗತ್ತೆ, ಆದ್ರೂ ಓದು ಅಂತ ಕೊಡಕ್ಕೆ ಮನಸ್ಸು ಬರಲ್ಲ. ಇದನ್ನ ಅವಳಿಗೆ ಬರೀಬೇಡ.

ಕೆಲಸ ಹೋಗಿದ್ರೆ ಹೋಗ್ಲಿ ಅಂತಿದ್ದೆ, ಊರೆಲ್ಲ ನಕ್ಕಿದ್ರೆ ನಗ್ಲಿ ಅಂತಿದ್ದೆ. ನಾನು ಕೇಳ್ಕೊಂಡಿದ್ದು ಆ ಮಗು ವಿಷಯ ಒಂದೇ. ಈಗ ಪುಟ್ಟಿ ನನ್ ಮುಂದೆ ಓದಲ್ಲ. ಸಹಿ ಅವಳೇ ಹಾಕ್ಕೋತಾಳೆ, ಥೇಟ್ ನನ್ ಹಾಗೇ. "ನಿಂಗ್ಯಾಕಪ್ಪಾ ತೊಂದ್ರೆ, ಸುಸ್ತಾಗಿ ಬಂದಿರ್ತೀಯ" ಅಂತಾಳೆ. ಒಳಗಿನ ಕೋಣೆಲಿ ಬಾಗಿಲು ಹಾಕ್ಕೊಂಡು ಓದ್ಕೋತಾಳೆ.

ನಿನ್ನೆ ಹೋಗಿ ಆ ಬಾಗಿಲ ಹತ್ರ ನಿಂತೆ. ಗಟ್ಟಿಯಾಗೇ ಓದ್ತಿದ್ಲು. ನಾನು ಬಂದಿದ್ದು ಗೊತ್ತಾಯ್ತು ಅನ್ಸತ್ತೆ, ನಿಲ್ಲಿಸ್ಬಿಟ್ಲು.